ಸೀಟಿನಲ್ಲಿಲ್ಲ: ಟೀ ವಿರಾಮದ ಬಳಕೆದಾರರ ಕೈಪಿಡಿ

ವಿಷಯ: ಕಚೇರಿ ವೇಳೆಯಲ್ಲಿ ಟೀ ಕುಡಿದು ಬರುವ ಬಗ್ಗೆ.
ಉಲ್ಲೇಖ: ಇಲ್ಲ.

ಉಲ್ಲೇಖ ಇಲ್ಲ ಎಂಬಲ್ಲಿಂದಲೇ ತೊಡಕು ಶುರು. ಸರ್ಕಾರಿ ಕಚೇರಿಯಲ್ಲಿ ಉಲ್ಲೇಖವಿಲ್ಲದೆ ಕಾಗದ ಕದಲುವುದಿಲ್ಲ. ಪೊರಕೆ ಕೊಳ್ಳಲು ಒಂದು ಕಡತ, ಕೊಂಡ ಪೊರಕೆ ಸವೆದುಹೋದರೆ ಅದನ್ನು ದಾಸ್ತಾನು ವಹಿಯಿಂದ ಕಳೆಯಲು ಇನ್ನೊಂದು. ರಜೆ ಅಂದರೆ ಗಳಿಕೆ ರಜೆ, ಅರ್ಧವೇತನ ರಜೆ, ಪರಿವರ್ತಿತ ರಜೆ, ಸಾಂದರ್ಭಿಕ ರಜೆ. ಒಂದೊಂದಕ್ಕೂ ಒಂದೊಂದು ನಿಯಮ. ಬೆಳಿಗ್ಗೆ 10ರಿಂದ ಸಂಜೆ 5.30ರವರೆಗಿನ ವೇಳೆಯಲ್ಲಿ ಊಟದ ಬಿಡುವೂ ನಿಯಮದೊಳಗೇ ಇದೆ. ಆದರೆ ಹನ್ನೊಂದು ಗಂಟೆಗೊಮ್ಮೆ, ಮೂರೂವರೆಗೊಮ್ಮೆ ಮಹಡಿಗೆ ಮಹಡಿಯೇ ಖಾಲಿಯಾಗಿ ಫ್ಯಾನುಗಳು ಮಾತ್ರ ಕರ್ತವ್ಯನಿರತವಾಗಿರುತ್ತವಲ್ಲ, ಅದಕ್ಕೆ ಕಡತ ಸಂಖ್ಯೆ ಇಲ್ಲ, ಅನುಮೋದನೆ ಇಲ್ಲ, ಲೆಕ್ಕಪರಿಶೋಧನೆಯ ಆಕ್ಷೇಪಣೆಯೂ ಇಲ್ಲ. ಆಡಿಟ್‌ಗೆ ಬಂದವರು ಆ ಹೊತ್ತಿನಲ್ಲಿ ಕೆಳಗೆ ನಮ್ಮ ಜೊತೆಗೇ ನಿಂತಿರುತ್ತಾರೆ.

ಕಾರ್ಖಾನೆಯವರ ಪುಣ್ಯ ಸ್ವಲ್ಪ ಹೆಚ್ಚಿನದು. 1948ರ ಕಾರ್ಖಾನೆಗಳ ಕಾಯ್ದೆ ಬರೆದವರು, ಐದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ದುಡಿಸಬಾರದು, ನಡುವೆ ಅರ್ಧ ಗಂಟೆಯಾದರೂ ಬಿಡುವು ಇರಬೇಕು ಎಂದು 55ನೇ ಕಲಮಿನಲ್ಲಿ ಬರೆದರು. 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಕ್ಯಾಂಟೀನ್ ಇರಲಿ ಎಂದು 46ನೇ ಕಲಮಿನಲ್ಲಿ ದಾರಿ ಮಾಡಿಟ್ಟರು. ಆ ಅರ್ಧ ಗಂಟೆಯಲ್ಲಿ ಏನು ಕುಡಿಯಬೇಕು, ಯಾರ ಜೊತೆ ಕುಡಿಯಬೇಕು, ದುಡ್ಡು ಯಾರು ಕೊಡಬೇಕು ಅನ್ನುವುದನ್ನು ಬರೆಯಲಿಲ್ಲ. ದೊಡ್ಡ ಮನಸ್ಸಿನವರು. ಬರೆದಿದ್ದರೆ ಕಾಯ್ದೆ ಉಳಿಯುತ್ತಿತ್ತು, ಟೀ ಹೋಗುತ್ತಿತ್ತು.

ಹೀಗಾಗಿ ಮೊದಲ ಎಚ್ಚರಿಕೆ: ಈ ಕೈಪಿಡಿಯನ್ನು ಕಚೇರಿಯ ಪ್ರಿಂಟರಿನಲ್ಲಿ ತೆಗೆಯಬಾರದು, ಟಪ್ಪಾಲಿಗೆ ಕೊಡಬಾರದು, ಮೇಲಧಿಕಾರಿಗಳ ಅವಗಾಹನೆಗೆ ಮಂಡಿಸಬಾರದು. ಮಂಡಿಸಿದರೆ "ಚರ್ಚಿಸಿ" ಎಂಬ ಷರಾ ಬಿದ್ದು ವಾಪಸು ಬರುತ್ತದೆ. ಚರ್ಚಿಸುವುದು ಎಲ್ಲಿ? ಟೀ ಅಂಗಡಿಯಲ್ಲೇ.

ಬಿಡಿಭಾಗಗಳು

ಒಂದು ಟೀ ವಿರಾಮ ಜೋಡಿಸಲು ನಾಲ್ಕು ಜನವಾದರೂ ಬೇಕು. ಅವರಲ್ಲಿ ಒಬ್ಬರು ಟೀ ಕುಡಿಯದವರಾಗಿರಬೇಕು. ಇದು ತಮಾಷೆಯಲ್ಲ. ಯಂತ್ರದ ಮುಖ್ಯ ಭಾಗವೇ ಅವರು. ಗ್ಯಾಸ್ಟ್ರಿಕ್ ಇರುವವರೋ, ಮನೆಯಿಂದ ಜೀರಿಗೆ ಕಷಾಯ ತರುವವರೋ, ಪ್ರೊಬೇಷನ್ ಮುಗಿಯದವರೋ ಆದರೆ ಉತ್ತಮ. ಉಳಿದವರು ಇಳಿದು ಹೋದ ಮೇಲೆ ಮಹಡಿಯಲ್ಲಿ ಫೋನು ಎತ್ತುವವರು, ಸಾಹೇಬರ ಬೆಲ್ಲಿಗೆ ಓಗೊಡುವವರು, ಬಂದ ಸಾರ್ವಜನಿಕರಿಗೆ "ಈಗಷ್ಟೇ ಇದ್ರಲ್ಲ" ಅನ್ನುವವರು ಇವರೇ. "ಈಗಷ್ಟೇ" ಅನ್ನುವುದರಲ್ಲಿ ಸುಳ್ಳಿಲ್ಲ, ಅದಕ್ಕೆ ಅಳತೆಯೂ ಇಲ್ಲ. ವಾಪಸು ಬರುವಾಗ ಇವರಿಗೆ ಒಂದು ಪೊಟ್ಟಣ ಖಾರದ ಕಡ್ಲೆಬೀಜ ತರುವುದನ್ನು ಮರೆತರೆ ಮರುದಿನ ಯಂತ್ರ ಕೆಡುತ್ತದೆ.

ಮಿಕ್ಕ ಮೂವರಲ್ಲಿ ಒಬ್ಬರು ಎಬ್ಬಿಸುವವರು, ಒಬ್ಬರು ಸುದ್ದಿ ತರುವವರು, ಒಬ್ಬರು ಜೇಬಿಗೆ ಕೈ ಹಾಕುವವರು. ಎಬ್ಬಿಸುವವರು ಬಹುಮಟ್ಟಿಗೆ ಪ್ರಥಮ ದರ್ಜೆ ಸಹಾಯಕರು. ಅವರ ಕುರ್ಚಿ ಗಡಿಯಾರಕ್ಕೆ ಎದುರಾಗಿರುತ್ತದೆ. ಸುದ್ದಿ ತರುವುದು ಚಾಲಕರ ಪಾಲು. ಸಾಹೇಬರ ಕಾರಿನ ಮುಂದಿನ ಸೀಟಿನಲ್ಲಿ ಕೂತು ಹಿಂದಿನ ಸೀಟಿನ ಫೋನು ಕೇಳಿಸಿಕೊಂಡವರಿಗಿಂತ ಹೆಚ್ಚು ತಿಳಿದವರು ಯಾವ ಇಲಾಖೆಯಲ್ಲೂ ಇಲ್ಲ. ಶೀಘ್ರಲಿಪಿಗಾರರಿಗೂ ಅಷ್ಟೇ ಗೊತ್ತಿರುತ್ತದೆ, ಆದರೆ ಅವರು ಬಾಯಿ ಬಿಡುವುದಿಲ್ಲ. ಟೀ ಮಾತ್ರ ಕುಡಿದು ಹೋಗುತ್ತಾರೆ.

ಒಬ್ಬರೇ ಹೋಗಿ ಕುಡಿದು ಬಂದರೆ ಅದು ಟೀ ವಿರಾಮವಲ್ಲ, ಗೈರುಹಾಜರಿ.

ಹೊರಡುವ ಮುನ್ನ ಸೀಟನ್ನು ಸಿದ್ಧಪಡಿಸಬೇಕು. ಮೇಜಿನ ಮೇಲೆ ಕಡತ ತೆರೆದಿಟ್ಟು, ಅದರ ಮೇಲೆ ಕನ್ನಡಕ ಮಡಚದೆ ಇಟ್ಟು, ಪೆನ್ನಿನ ಮುಚ್ಚಳ ತೆಗೆದಿಡುವುದು ಹಳೇ ಪದ್ಧತಿ. ಇದಕ್ಕೆಂದೇ ಹಳೆಯ ಕನ್ನಡಕವೊಂದನ್ನು ಡ್ರಾಯರಿನಲ್ಲಿ ಇಟ್ಟುಕೊಂಡವರನ್ನು ನಾನು ಬಲ್ಲೆ. ಇ-ಆಫೀಸ್ ಬಂದ ಮೇಲೆ ಈ ಕಲೆಗೆ ಕುತ್ತು ಬಂದಿದೆ. ಕಡತವೇ ಪರದೆಯೊಳಕ್ಕೆ ಹೋಗಿದೆ, ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ಪರದೆ ಕಪ್ಪಾಗಿ ನೀವು ಎದ್ದುಹೋದದ್ದನ್ನು ಊರಿಗೆಲ್ಲ ಸಾರುತ್ತದೆ.

ಇನ್ನು ಚಲನವಲನ ವಹಿ. ಸಿಬ್ಬಂದಿ ಕಚೇರಿ ಬಿಟ್ಟು ಹೊರಗೆ ಹೋಗುವಾಗ ಹೋದ ವೇಳೆ, ಬಂದ ವೇಳೆ, ಕಾರಣ ಬರೆದು ಸಹಿ ಹಾಕಬೇಕಾದ ಉದ್ದನೆಯ ಪುಸ್ತಕ. ಅದರಲ್ಲಿ "ಟೀ" ಎಂದು ಕಾರಣ ಬರೆದ ನೌಕರ ಇನ್ನೂ ಹುಟ್ಟಿಲ್ಲ. "ಖಜಾನೆಗೆ" ಅನ್ನುವುದು ಎಲ್ಲರ ಅಚ್ಚುಮೆಚ್ಚಿನ ಕಾರಣವಾಗಿತ್ತು. ಖಜಾನೆ-2 ಬಂದು ಬಿಲ್ಲುಗಳೆಲ್ಲ ಕಂಪ್ಯೂಟರಿನಲ್ಲೇ ಹೋಗುವಂತಾಗಿ ಆ ಒಳ್ಳೆಯ ಕಾರಣ ಕೈತಪ್ಪಿತು. ಗಣಕೀಕರಣದಿಂದ ಆದ ನಷ್ಟಗಳ ಪಟ್ಟಿಯಲ್ಲಿ ಇದನ್ನು ಯಾರೂ ಸೇರಿಸಿಲ್ಲ.

ಚಾಲನೆ

ಮೊದಲ ಕರೆ ಬಾಯಿಂದ ಬರಬಾರದು. ಎಬ್ಬಿಸುವವರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿ ಸದ್ದು ಮಾಡಬೇಕು. ಕಾಲು ನೋವಿನವರ ಹಾಗೆ ಎದ್ದು ನಿಂತು ಗೋಡೆ ಗಡಿಯಾರ ನೋಡಬೇಕು. ಆಮೇಲೆ, ಯಾರನ್ನೂ ನೋಡದೆ:

"ಏನ್ ಸಾರ್, ಒಂದ್ನಿಮಿಷ ಹೋಗಿ ಬಂದ್ಬಿಡೋಣ್ವಾ?"

"ಇದೊಂದು ಟಿಪ್ಪಣಿ ಮುಗಿಸ್ಬಿಡ್ತೀನಿ, ನೀವು ನಡೀರಿ."

"ಅಯ್ಯೋ, ಟಿಪ್ಪಣಿ ಎಲ್ಲಿಗೆ ಹೋಗತ್ತೆ, ಬನ್ನಿ ಸಾರ್."

ಈ ಮೂರು ಮಾತು ಮಂತ್ರದಷ್ಟೇ ಕಡ್ಡಾಯ, ಒಂದನ್ನೂ ಬಿಡುವಂತಿಲ್ಲ. "ನೀವು ನಡೀರಿ" ಅಂದವರು ಖಂಡಿತ ಬರುತ್ತಾರೆ. "ಬಂದೆ ಬಂದೆ" ಅಂದವರು ಇನ್ನು ಹತ್ತು ನಿಮಿಷ ಏಳುವುದಿಲ್ಲ, ಅವರನ್ನು ಕಾಯಬೇಡಿ. ಕರೆದ ಕೂಡಲೇ ಮರುಮಾತಿಲ್ಲದೆ ಎದ್ದು ನಿಂತವರಿಗೆ ಮನೆಯಲ್ಲಿ ಏನೋ ತೊಂದರೆ ಇದೆ ಎಂದು ತಿಳಿದು, ದಾರಿಯಲ್ಲಿ ಏನನ್ನೂ ಕೇಳದೆ, ಅವರ ಪಕ್ಕದಲ್ಲೇ ನಡೆಯಿರಿ. ಹೇಳುವುದಿದ್ದರೆ ಅರ್ಧ ಗ್ಲಾಸ್ ಆದ ಮೇಲೆ ಅವರೇ ಹೇಳುತ್ತಾರೆ.

ಅಧೀಕ್ಷಕರು ಕರೆದರೆ ಈ ನಾಟಕ ಬೇಕಿಲ್ಲ. "ಬನ್ರೀ" ಅಂದರೆ ಹೊರಟುಬಿಡಿ. ಟೀ ಜೊತೆಗೆ ಕೆಲಸವೂ ಒಂದು ಅಂಟಿಕೊಂಡು ಬರುತ್ತದೆ, ಅದು ಬೇರೆ ಮಾತು.

ಇಳಿಯುವಾಗ ಮೆಟ್ಟಿಲು, ಹತ್ತುವಾಗ ಲಿಫ್ಟ್. ಇಳಿಯುವ ಲಿಫ್ಟಿನಲ್ಲಿ ಸಾಹೇಬರು ಸಿಕ್ಕರೆ ಎಲ್ಲಿಗೆ ಅಂತ ಕೇಳುತ್ತಾರೆ. ಹತ್ತುವ ಲಿಫ್ಟಿನಲ್ಲಿ ಸಿಕ್ಕರೆ ಅವರ ಬಾಯಲ್ಲೂ ಶುಂಠಿ ವಾಸನೆ ಇರುತ್ತದೆ. ಇಬ್ಬರೂ ಮಹಡಿಯ ಅಂಕಿ ನೋಡುತ್ತಾ ನಿಲ್ಲಬಹುದು.

ಅಂಗಡಿಯ ಮುಂದೆ

ಕಾಂಪೌಂಡಿನ ಹೊರಗೆ ಹೊಂಗೆ ಮರದ ಕೆಳಗಿನ ಗಾಡಿಯೇ ಲೇಸು. ಕೂಪನ್ ತೆಗೆದುಕೊಳ್ಳುವ ದರ್ಶಿನಿಗಳಲ್ಲಿ ಟೀ ಬೇಗ ಕೊಡುತ್ತಾರೆ, ಅದೇ ಅವುಗಳ ದೋಷ. ಇಲ್ಲಿ ಕಾಯುವ ಹೊತ್ತೂ ಲೆಕ್ಕಕ್ಕೆ ಸೇರಿದ್ದು.

ಅಗಲ ಬಾಯಿಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕುದಿಯುತ್ತಿರುತ್ತದೆ. ಅಂಗಡಿಯಾತ ಶುಂಠಿಯ ತುಂಡನ್ನು ಕಟ್ಟೆಯ ಮೇಲಿಟ್ಟು ಲೋಟದ ತಳದಿಂದ ಎರಡು ಸಲ ಕುಟ್ಟಿ, ನಾರು ಸಮೇತ ಒಳಗೆ ಎಸೆಯುತ್ತಾನೆ. ಟೀ ಪುಡಿಗೆ ಚಮಚವಿಲ್ಲ, ಡಬ್ಬಿಯ ಮುಚ್ಚಳವೇ ಅಳತೆ. ನೀಲಿ ಪ್ಯಾಕೆಟ್ಟಿನ ನಂದಿನಿ ಹಾಲಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿಯದೆ ಕತ್ತರಿಯಿಂದ ಕತ್ತರಿಸುವ ಅಂಗಡಿಯಾದರೆ ಅದನ್ನು ಬಿಡಬೇಡಿ. ಹಾಲು ಬಿದ್ದು, ಕಂದು ಬಣ್ಣ ಮೇಲೆದ್ದು, ಪಾತ್ರೆಯ ಅಂಚಿಗೆ ಬಂದು, ಇನ್ನೇನು ಚೆಲ್ಲಿತು ಅನ್ನುವಾಗ ಸೌಟು ಆಡುತ್ತದೆ. ಒಂದು ಸೌಟು ಮೇಲಕ್ಕೆತ್ತಿ ಸುರಿದರೆ ನೊರೆ ಕುಗ್ಗುತ್ತದೆ, ಮತ್ತೆ ಏರುತ್ತದೆ, ಮತ್ತೆ ಕುಗ್ಗುತ್ತದೆ. ಮೂರನೇ ಸಲ ಏರುವವರೆಗೆ ಯಾರೂ ಮಾತಾಡುವುದಿಲ್ಲ. ಮಾತಾಡಬಾರದೆಂದು ನಿಯಮವೇನೂ ಇಲ್ಲ, ಸುಮ್ಮನೆ ಎಲ್ಲರೂ ನೋಡುತ್ತಾರೆ. ಆಮೇಲೆ ಸೋಸುವ ಬಟ್ಟೆ. ಬಿಳಿಯದಾಗಿದ್ದ ಕಾಲವನ್ನು ಕಂಡವರಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100 ಡಿಗ್ರಿಯವರೆಗೆ ಕಾಯದೆ 97ರ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಮಂಗಳೂರಿನಿಂದ ವರ್ಗವಾಗಿ ಬಂದ ನಮ್ಮ ಶೆಟ್ಟರು "ಇಲ್ಲಿನ ಚಾಕ್ಕೆ ಖದರೇ ಇಲ್ಲ ಮಾರಾಯ್ರೆ" ಅಂದರೆ ಭೌತಶಾಸ್ತ್ರ ಅವರ ಪರವಾಗಿಯೇ ಇದೆ. ಕಡಿಮೆಯಾದ ಮೂರು ಡಿಗ್ರಿಯನ್ನು ಅಂಗಡಿಯಾತ ಶುಂಠಿಯಲ್ಲಿ ತುಂಬಿಕೊಡುತ್ತಾನೆ.

ಡಬ್ಬಿಯಲ್ಲಿರುವುದು ಎಲೆಯಲ್ಲ, ಡಸ್ಟ್. ಟೀ ಎಲೆಯನ್ನು ಹಲ್ಲಿರುವ ರೋಲರುಗಳ ನಡುವೆ ಹಾಯಿಸಿ ಜಜ್ಜಿ, ಹರಿದು, ಸುರುಳಿ ಮಾಡುವ ಸಿಟಿಸಿ ಯಂತ್ರ ಅಸ್ಸಾಮಿನಲ್ಲಿ 1930ರ ದಶಕದಲ್ಲಿ ಬಂತು. ಹರಳು ಹರಳಾದ ಆ ಪುಡಿಯನ್ನು ಜರಡಿ ಹಿಡಿದಾಗ ಕೊನೆಗೆ ಉಳಿಯುವ ಸಣ್ಣ ಪುಡಿಯೇ ಡಸ್ಟ್. ಹೆಸರು ಕೇಳಿ ಮೂಗು ಮುರಿಯುವವರು ಮುರಿಯಲಿ. ಬಣ್ಣ ಬೇಗ ಬಿಡುವುದು, ಹಾಲಿಗೆ ಎದೆಗೊಟ್ಟು ನಿಲ್ಲುವುದು, ಅಗ್ಗವಾಗಿರುವುದು, ಈ ಮೂರೂ ಗುಣ ಒಟ್ಟಿಗಿರುವ ವಸ್ತು ಕಚೇರಿಯ ಒಳಗೆ ಸಿಗುವುದಿಲ್ಲ.

ಈ ದೇಶದಲ್ಲಿ ಟೀ ಕುಡಿಯುವುದಕ್ಕೆ ಕೈಪಿಡಿ ಬರೆಯಲು ಹೊರಟವರಲ್ಲಿ ನಾನು ಮೊದಲಿಗನಲ್ಲ. 1903ರಲ್ಲಿ ಬ್ರಿಟಿಷ್ ಸರ್ಕಾರ ಟೀ ರಫ್ತಿನ ಮೇಲೆ ಸೆಸ್ ಹಾಕಲು ಕಾಯ್ದೆ ಮಾಡಿತು. ಆ ದುಡ್ಡಿನಿಂದ ನಡೆದ ಪ್ರಚಾರ ಬರಬರುತ್ತಾ ಇಲ್ಲಿನವರಿಗೇ ಟೀ ರುಚಿ ಹತ್ತಿಸುವ ಕೆಲಸಕ್ಕಿಳಿಯಿತು. ಸಂತೆ, ಜಾತ್ರೆ, ರೈಲು ನಿಲ್ದಾಣಗಳಲ್ಲಿ ಬಿಟ್ಟಿ ಟೀ ಹಂಚಿದರು. ಗಿರಣಿ, ಗಣಿ, ಕಾರ್ಖಾನೆಗಳ ಮಾಲೀಕರ ಕಿವಿಯಲ್ಲಿ, ನಡುವೆ ಟೀಗೆ ಬಿಟ್ಟರೆ ಕೂಲಿಗಳು ಚುರುಕಾಗುತ್ತಾರೆ ಎಂದು ಊದಿದರು. ಅಂದರೆ ಕೆಲಸದ ನಡುವೆ ಎದ್ದುಹೋಗಿ ಟೀ ಕುಡಿಯುವುದನ್ನು ನಮಗೆ ಹಚ್ಚಿದ್ದು ನಮ್ಮ ಸೋಮಾರಿತನವಲ್ಲ, ಟೀ ವ್ಯಾಪಾರಿಗಳ ಲಾಭದಾಸೆ. ಮೇಲಧಿಕಾರಿಗಳು ಮೆಮೋ ಕೊಟ್ಟಾಗ ಉತ್ತರದಲ್ಲಿ ಇದನ್ನು ನಮೂದಿಸಬಹುದು. ಟೀ ಹೇಗೆ ಮಾಡಬೇಕೆಂದು ಹಂತ ಹಂತವಾಗಿ ಚಿತ್ರ ಸಮೇತ ವಿವರಿಸಿದ ಎನಾಮೆಲ್ ಫಲಕಗಳನ್ನು ನಿಲ್ದಾಣಗಳಲ್ಲಿ ನೇತುಹಾಕಿದ್ದರು. ಟೀ ಮಾರುವವರು ಆ ಫಲಕದ ಕೆಳಗೇ ನಿಂತು, ಎಲೆ ಕಡಿಮೆ ಮಾಡಿ, ಹಾಲು ಸಕ್ಕರೆ ಸುರಿದು, ಮಸಾಲೆ ಹಾಕಿ, ಎಲ್ಲವನ್ನೂ ಒಟ್ಟಿಗೆ ಕುದಿಸಿಬಿಟ್ಟರು. ಎಲೆ ಮಾರಲು ಬಂದವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಫಲಕಗಳು ಈಗ ಹಳೇ ಸಾಮಾನು ಕೂಡಿಡುವವರ ಮನೆ ಗೋಡೆ ಸೇರಿವೆ, ಅವನ್ನು ಓದದವರ ಟೀ ಗೆದ್ದಿದೆ.

ನಮ್ಮ ಹಳೇ ಮೈಸೂರಿನ ಕಡೆ ಆ ಪ್ರಚಾರಕರಿಗೆ ಇನ್ನೂ ಕಷ್ಟವಾಗಿರಬೇಕು. ಇದು ಕಾಫಿಯ ಸೀಮೆ. ಚಿಕ್ಕಮಗಳೂರು, ಕೊಡಗು ಪಕ್ಕದಲ್ಲೇ ಇವೆ. ಕಾಫಿ ಬೋರ್ಡಿನ ಕೇಂದ್ರ ಕಚೇರಿ ಅಂಬೇಡ್ಕರ್ ವೀಧಿಯಲ್ಲಿ, ವಿಧಾನಸೌಧದಿಂದ ನಡೆದುಹೋಗುವಷ್ಟು ಹತ್ತಿರ. ಆದರೂ "ಕಾಫಿಗೆ ಹೋಗೋಣ" ಅಂತ ಎದ್ದವರಲ್ಲಿ ಬಹಳ ಜನ ಗಾಡಿಯ ಮುಂದೆ ಟೀ ಹೇಳುತ್ತಾರೆ. ಕಾರಣ ಸರಳ. ಡಿಕಾಕ್ಷನ್ ಹಳತಾದರೆ ಕಾಫಿ ಮುಖ ಮುರಿಯುತ್ತದೆ. ಟೀ ಹಾಗಲ್ಲ. ಬೆಳಿಗ್ಗೆಯಿಂದ ಕುದಿಯುತ್ತಿದ್ದರೂ ಒಂದು ತುಂಡು ಶುಂಠಿ, ಒಂದು ಹಿಡಿ ಸಕ್ಕರೆ ಬಿದ್ದರೆ ಮತ್ತೆ ಕೆಲಸಕ್ಕೆ ಹಾಜರು.

ಇನ್ನು ಬೈಟು. ಒಂದು ಟೀಯನ್ನು ಎರಡು ಗ್ಲಾಸಿಗೆ ಹಂಚುವ ಈ ಪದ್ಧತಿಯನ್ನು ಹೊರಗಿನವರು ಜಿಪುಣತನ ಅಂದುಕೊಳ್ಳುತ್ತಾರೆ. ಲೆಕ್ಕ ಗೊತ್ತಿಲ್ಲದವರ ಮಾತು ಅದು. ಅಂಗಡಿಯಾತನ ಕೈ ಎರಡನೇ ಗ್ಲಾಸಿಗೆ ಬಂದಾಗ ಸ್ವಲ್ಪ ಧಾರಾಳವಾಗಿ, ಮೊದಲನೆಯದಕ್ಕೆ ಅನ್ಯಾಯವಾಯಿತೆಂದು ಅದಕ್ಕೂ ಒಂದಿಷ್ಟು ಸುರಿದು, ಕೊನೆಗೆ ಇಬ್ಬರಿಗೂ ಮುಕ್ಕಾಲು ಮುಕ್ಕಾಲು ಬರುತ್ತದೆ. ಮೂರನೆಯವರು ಬಂದು ಸೇರಿದರೆ ಟೂ ಬೈ ತ್ರೀ. ಕಂದಾಯ ಇಲಾಖೆಯ ಇತಿಹಾಸದಲ್ಲಿ ತಕರಾರಿಲ್ಲದೆ ನಡೆಯುವ ವಿಭಾಗ ಇದೊಂದೇ. ಸರ್ವೆ ಬೇಡ, ಪೋಡಿ ಬೇಡ, ವಿಭಾಗ ಪತ್ರದ ನೋಂದಣಿ ಬೇಡ. ಆದರೆ ಶಿಷ್ಟಾಚಾರವಿದೆ: ಬೈಟು ಎಂಬ ಮಾತು ಹಿರಿಯರ ಬಾಯಿಂದ ಬರಬೇಕು. ಕಿರಿಯರು ಹೇಳಿದರೆ ಜಿಪುಣತನ, ಹಿರಿಯರು ಹೇಳಿದರೆ ಆತ್ಮೀಯತೆ. ಸಾಹೇಬರ ಜೊತೆ ಬೈಟು ಕುಡಿದದ್ದನ್ನು ಸೇವಾ ಪುಸ್ತಕದಲ್ಲಿ ನಮೂದಿಸುವ ಅವಕಾಶವಿದ್ದಿದ್ದರೆ ಎಷ್ಟೋ ಬಡ್ತಿಗಳಿಗೆ ವಿವರಣೆ ಸಿಗುತ್ತಿತ್ತು.

ಗಾಜಿನ ಗ್ಲಾಸನ್ನೇ ಕೇಳಿ. ಅಂಚನ್ನು ಹೆಬ್ಬೆರಳು ತೋರುಬೆರಳಲ್ಲಿ, ತಳವನ್ನು ನಡುಬೆರಳ ತುದಿಯಲ್ಲಿ ಹಿಡಿದರೆ ಸುಡುವುದಿಲ್ಲ. ಪೇಪರ್ ಕಪ್ಪಿಗೆ ಒಳಗಡೆ ತೆಳ್ಳನೆಯ ಪ್ಲಾಸ್ಟಿಕ್ ಪದರ ಇರುತ್ತದೆ. ಅಂಥ ಕಪ್ಪಿನಲ್ಲಿ 100 ಮಿಲಿ ಬಿಸಿ ದ್ರವ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರೊಳಗೆ ಸೇರುತ್ತವೆಂದು ಐಐಟಿ ಖರಗ್‌ಪುರದ ಸಂಶೋಧಕರು 2020ರಲ್ಲಿ ತೋರಿಸಿಕೊಟ್ಟರು. ಹದಿನೈದು ನಿಮಿಷ ಕಪ್ಪು ಹಿಡಿದು ನಿಲ್ಲುವವರು ಪ್ರಪಂಚದಲ್ಲಿ ಎಲ್ಲಿದ್ದಾರೆ ಎಂದು ಅವರಿಗೆ ಗೊತ್ತಿತ್ತು ಅಂತ ಕಾಣುತ್ತದೆ.

ಮಾತಿನ ವಿಷಯಕ್ಕೆ ಬಂದರೆ, ಈ ಗಾಡಿಯ ಸುತ್ತ ಎರಡೇ ಜಾತಿ: 1-4-2006ಕ್ಕೆ ಮೊದಲು ಕೆಲಸಕ್ಕೆ ಸೇರಿದವರು, ಆಮೇಲೆ ಸೇರಿದವರು. ಮೊದಲಿನವರಿಗೆ ಹಳೇ ಪಿಂಚಣಿ. ಊದಿ ಊದಿ, ಆರಾಮಾಗಿ ಕುಡಿಯುತ್ತಾರೆ. ಆಮೇಲಿನವರದ್ದು ಎನ್‌ಪಿಎಸ್, ಅಂದರೆ ಮುಪ್ಪಿನ ದುಡ್ಡು ಮಾರುಕಟ್ಟೆಯ ಕೈಯಲ್ಲಿ. ಅವರ ಎಡಗೈಯಲ್ಲಿ ಗ್ಲಾಸು, ಬಲಗೈಯಲ್ಲಿ ಮೊಬೈಲು. 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗದ ಶಿಫಾರಸು ಜಾರಿಯಾಗಿ ಫಿಟ್‌ಮೆಂಟ್ 27.5 ಪರ್ಸೆಂಟ್ ಸಿಕ್ಕಾಗ ಇಬ್ಬರೂ ಒಂದೇ ದಿನ ಬಾದಾಮಿ ಹಾಲು ಕುಡಿದರು. ಮರುದಿನದಿಂದ ಮತ್ತೆ ಟೀ, ಮತ್ತೆ ಎರಡು ಜಾತಿ. ಮೇ, ಜೂನ್ ಬಂತೆಂದರೆ ವರ್ಗಾವಣೆ ಬಿಟ್ಟು ಬೇರೆ ಮಾತಿಲ್ಲ. ಆ ತಿಂಗಳುಗಳಲ್ಲಿ ಸಕ್ಕರೆ ಹೆಚ್ಚು ಖರ್ಚಾಗುತ್ತದೆ ಎಂದು ಅಂಗಡಿಯಾತನೇ ಹೇಳುತ್ತಾನೆ.

ಟೀ ಕುಡಿದ ಕೂಡಲೇ ಹಗುರವಾಯಿತು ಅನ್ನುತ್ತೇವಲ್ಲ, ಅದರಲ್ಲಿ ಟೀಯ ಪಾಲು ಕಡಿಮೆ. ಕೆಫೀನ್ ರಕ್ತದಲ್ಲಿ ಪೂರ್ತಿ ಏರಲು ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ನೀವು ಸೀಟಿನಲ್ಲಿ ಕೂತು ಮತ್ತೆ ಆಕಳಿಸುತ್ತಿರುತ್ತೀರಿ. ಗಾಡಿಯ ಮುಂದೆ ಹಗುರಾಗುವುದಕ್ಕೆ ಮೆಟ್ಟಿಲು, ಬಿಸಿಲು, ಪಕ್ಕದವರ ಬಾಯಿ ಕಾರಣ. ಊಟ ಮುಗಿದ ತಕ್ಷಣದ ಟೀ ಮಾತ್ರ ಬೇಡ. ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹಿಡಿಯದಂತೆ ಟೀ ತಡೆಯುತ್ತದೆ, ರಕ್ತ ಕಡಿಮೆ ಇರುವವರಿಗಂತೂ ಅದು ಕೆಟ್ಟದ್ದು.

ಮೇಲೆ ಹೇಳಿದ್ದೆಲ್ಲ ಗಂಡಸರಿಗೆ ಅನ್ವಯಿಸುತ್ತದೆ ಎನ್ನುವುದನ್ನು ಓದುಗರು ಗಮನಿಸಿರಬಹುದು. ನಮ್ಮ ಮಹಡಿಯಲ್ಲಿ ಅರ್ಧದಷ್ಟು ಮಹಿಳೆಯರಿದ್ದಾರೆ, ಗಾಡಿಯ ಸುತ್ತ ಅರ್ಧದಷ್ಟಿಲ್ಲ. ರಸ್ತೆ ಬದಿ ಗ್ಲಾಸು ಹಿಡಿದು ನಿಂತ ಗಂಡಸು ಟೀ ಕುಡಿಯುತ್ತಿರುತ್ತಾನೆ. ಅದೇ ಜಾಗದಲ್ಲಿ ನಿಂತ ಹೆಂಗಸನ್ನು ಹಾದುಹೋಗುವ ಆಟೋದವನೂ ತಿರುಗಿ ನೋಡುತ್ತಾನೆ. ಹೀಗಾಗಿ ಮೇಡಂಗಳು ತಿಂಗಳಿಗಿಷ್ಟು ಅಂತ ವಂತಿಗೆ ಹಾಕಿ, ಜವಾನ ಮಂಜಣ್ಣನ ಕೈಲಿ ಫ್ಲಾಸ್ಕ್ ಕಳಿಸಿ ಟೀ ತರಿಸಿ, ರೆಕಾರ್ಡ್ ರೂಮಿನ ರ‍್ಯಾಕುಗಳ ಮರೆಯಲ್ಲಿ ಕುಡಿಯುತ್ತಾರೆ. ಅವರ ಟೀಗೆ ನಿಪ್ಪಟ್ಟು, ಕೋಡುಬಳೆ, ಒಮ್ಮೊಮ್ಮೆ ಮನೆಯ ಒಬ್ಬಟ್ಟಿನ ಜೊತೆ ಸಿಗುತ್ತದೆ, ನಿಜ. ಆದರೆ ವರ್ಗಾವಣೆಯ ಸುದ್ದಿ ಅವರಿಗೆ ಅರ್ಧ ದಿನ ತಡವಾಗಿ ತಲುಪುತ್ತದೆ. ಅರ್ಧ ದಿನದಲ್ಲಿ ಒಳ್ಳೆಯ ಜಾಗಗಳೆಲ್ಲ ತುಂಬಿರುತ್ತವೆ. ಹೊಸದಾಗಿ ಸೇರಿದ ಹುಡುಗಿಯರು ಈಗೀಗ ಮೂವರು ನಾಲ್ವರು ಒಟ್ಟಾಗಿ ಗಾಡಿಗೇ ಬರತೊಡಗಿದ್ದಾರೆ. ಅವರು ಬಂದಾಗ ಸಿಗರೇಟಿನವರು ತಾವಾಗಿಯೇ ಮರದ ಆಚೆಗೆ ಸರಿದರು. ಯಾವ ಸುತ್ತೋಲೆಯೂ ಬೇಕಾಗಲಿಲ್ಲ.

ಪಾವತಿ

ಇಲ್ಲಿ ಎರಡು ಲೆಕ್ಕ. ಒಂದು ಅಂಗಡಿಯಾತನದ್ದು: ಉದ್ದನೆಯ ನೋಟ್‌ಬುಕ್ಕಿನಲ್ಲಿ ಹೆಸರಿನ ಬದಲು "ಭೂಮಾಪನ ಕನ್ನಡಕ", "ಮೂರನೇ ಮಹಡಿ ಗೌಡ್ರು" ಎಂದು ಬರೆದು ಗೀಟು ಹಾಕುತ್ತಾ ಹೋಗಿ ಒಂದನೇ ತಾರೀಖಿಗೆ ಕೂಡುವ ಲೆಕ್ಕ. ಇನ್ನೊಂದು ನಮ್ಮದು: ನಿನ್ನೆ ಯಾರು ಕೊಟ್ಟರು, ಮೊನ್ನೆ ಯಾರು, ಇವತ್ತು ಯಾರ ಸರದಿ. ಈ ಎರಡನೆಯದು ಎಲ್ಲೂ ಬರೆದಿಲ್ಲ, ಯಾರೂ ಮರೆತಿಲ್ಲ. ಜೇಬಿಗೆ ಕೈ ಹಾಕುವಾಗ ವೇಗ ಹದವಾಗಿರಬೇಕು. ಬೇಗ ಹಾಕಿದರೆ ಬಡ್ತಿ ಬಂದಿದೆಯೇ ಅಂತ ಕೇಳುತ್ತಾರೆ. ನಿಧಾನವಾದರೆ ಏನೂ ಕೇಳುವುದಿಲ್ಲ, ಆದರೆ ನಾಳೆ ಕುರ್ಚಿ ಸರಿಸುವ ಸದ್ದು ನಿಮ್ಮ ಮೇಜಿನ ಹತ್ತಿರ ಆಗುವುದಿಲ್ಲ.

ಈ ನಡುವೆ ಯುಪಿಐ ಬಂತು. ಒಂದು ಡಬ್ಬಿ ಗಟ್ಟಿ ದನಿಯಲ್ಲಿ ಕೊಟ್ಟ ಮೊತ್ತವನ್ನು ಬೀದಿಗೆಲ್ಲ ಕೇಳುವಂತೆ ಹೇಳತೊಡಗಿತು. ಅಷ್ಟೇ ಆಗಿದ್ದರೆ ಅಡ್ಡಿಯಿರಲಿಲ್ಲ. 2025ರ ಜುಲೈನಲ್ಲಿ, ಯುಪಿಐ ವಹಿವಾಟಿನ ಮೊತ್ತ ಕೂಡಿಸಿ, ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಂಥ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸುಗಳು ಬಂದವು. ವರ್ಷದ ವಹಿವಾಟು ಸೇವೆಯಾದರೆ 20 ಲಕ್ಷ, ಸರಕಾದರೆ 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಆಗಬೇಕು ಎಂಬುದು ಕಾನೂನು. ಬೆಂಗಳೂರಿನ ಅಂಗಡಿಗಳಲ್ಲಿ ರಾತ್ರೋರಾತ್ರಿ ಸ್ಕ್ಯಾನ್ ಮಾಡುವ ಕಾಗದಗಳು ಮಾಯವಾಗಿ "ನಗದು ಮಾತ್ರ" ಬೋರ್ಡುಗಳು ಬಂದವು. ಬೈಟು ಟೀ ಸರಕೋ ಸೇವೆಯೋ ಎಂಬ ಚರ್ಚೆ ನಮ್ಮ ಗಾಡಿಯ ಮುಂದೆ ಆ ವಾರವಿಡೀ ನಡೆಯಿತು. ಟೀ ಸರಕು, ಎರಡು ಮಾಡುವುದು ಸೇವೆ ಎಂದು ನಮ್ಮ ಅಧೀಕ್ಷಕರು ತೀರ್ಪು ಕೊಟ್ಟರು. ಇಷ್ಟು ವರ್ಷ ಯಾವ ಕಾಗದದಲ್ಲೂ ಇರದಿದ್ದ ನಮ್ಮ ಹನ್ನೊಂದು ಗಂಟೆ, ಮೂರೂವರೆ ಗಂಟೆಗಳು ಬ್ಯಾಂಕಿನ ಸರ್ವರಿನಲ್ಲಿ ವೇಳೆ ಸಮೇತ ದಾಖಲಾಗಿ ಕೂತಿವೆ ಎನ್ನುವುದು ಆಗ ಎಲ್ಲರಿಗೂ ಹೊಳೆಯಿತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಅವತ್ತಿನಿಂದ ಎಲ್ಲರ ಜೇಬಿನಲ್ಲೂ ಚಿಲ್ಲರೆ ಇದೆ.

ನಕಲಿ ಉತ್ಪನ್ನಗಳ ಬಗ್ಗೆ ಎಚ್ಚರಿಕೆ

"ಟೀ ಕಾಫಿಗೆ ಏನಾದ್ರೂ ನೋಡ್ಕೊಳ್ಳಿ" ಎಂಬ ಹೆಸರಿನಲ್ಲಿ ಇನ್ನೊಂದು ಟೀ ಚಲಾವಣೆಯಲ್ಲಿದೆ. ಅದಕ್ಕೆ ಎಲೆ ಬೇಡ, ಹಾಲು ಬೇಡ, ಗ್ಲಾಸು ಬೇಡ. ಒಂದು ಲೋಟಕ್ಕೆ ಐನೂರೂ ಆಗಬಹುದು, ಐವತ್ತು ಸಾವಿರವೂ ಆಗಬಹುದು. ಅಸಲಿ ಯಾವುದು, ನಕಲಿ ಯಾವುದು ಎಂದು ಗುರುತಿಸಲು ಸುಲಭದ ಪರೀಕ್ಷೆ ಇದೆ. ಬೆಳಿಗ್ಗೆ ಬಂದ ಕೂಡಲೇ ಜೇಬಿನಲ್ಲಿ ಎಷ್ಟಿದೆ ಎಂದು ನಗದು ಘೋಷಣಾ ವಹಿಯಲ್ಲಿ ಬರೆಯುತ್ತೀರಲ್ಲ, ಟೀ ಕುಡಿದು ಬಂದ ಮೇಲೆ ಆ ದುಡ್ಡು ಕಡಿಮೆಯಾಗಿರಬೇಕು. ಹೆಚ್ಚಾಗಿದ್ದರೆ ನೀವು ಕುಡಿದದ್ದು ಟೀ ಅಲ್ಲ. ಇನ್ನೊಂದು ಪರೀಕ್ಷೆಯನ್ನು ಲೋಕಾಯುಕ್ತ ಪೊಲೀಸರು ಮಾಡುತ್ತಾರೆ. ನೋಟಿಗೆ ಫಿನಾಲ್ಫ್ತಲೀನ್ ಪುಡಿ ಸವರಿರುತ್ತಾರೆ, ಹಿಡಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಡಸ್ಟ್ ಟೀ ಎಷ್ಟೇ ಸ್ಟ್ರಾಂಗ್ ಇದ್ದರೂ ಆ ಬಣ್ಣ ಬರುವುದಿಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಈ ಟೀ ಕುಡಿಸುವವರೂ ತಪ್ಪಿತಸ್ಥರೇ. ನಮ್ಮ ಹತ್ತು ಹದಿನೈದು ರೂಪಾಯಿಯ ಟೀ ಹೆಸರನ್ನು ಆ ದಂಧೆಗೆ ಎರವಲು ಕೊಟ್ಟವರು ಯಾರೋ, ಅವರ ಮೇಲೆ ಅಂಗಡಿಯಾತ ಮಾನನಷ್ಟ ಮೊಕದ್ದಮೆ ಹೂಡಬೇಕಿತ್ತು.

ಸುಧಾರಣಾ ಪ್ರಯತ್ನಗಳು

ಕಚೇರಿಯೊಂದರಲ್ಲಿ, ಹೆಸರು ಬೇಡ, ಹೊಸದಾಗಿ ಬಂದ ಅಧಿಕಾರಿಯೊಬ್ಬರು ಸಿಬ್ಬಂದಿಯ ಅಮೂಲ್ಯ ಸಮಯ ಮೆಟ್ಟಿಲುಗಳ ಮೇಲೆ ಸೋರಿಹೋಗುತ್ತಿರುವುದನ್ನು ಕಂಡು, ಮಹಡಿಗೊಂದು ಟೀ ಯಂತ್ರ ತರಿಸಿದರು. ಗುಂಡಿ ಒತ್ತಿದರೆ ಟೀ, ಇನ್ನೊಂದು ಒತ್ತಿದರೆ ಲೆಮನ್ ಟೀ, ಮೂರನೆಯದಕ್ಕೆ ಬಿಸಿ ನೀರು. ಮೂರೂ ಒಂದೇ ರುಚಿ. ಯಂತ್ರದ ಕೈಪಿಡಿಯನ್ನು ದಾರ ಕಟ್ಟಿ ಪಕ್ಕದಲ್ಲಿ ನೇತುಹಾಕಿದ್ದರು. ಯಂತ್ರಕ್ಕೆ ಕಡತವಾಯಿತು, ಪುಡಿಗೆ ಟೆಂಡರಾಯಿತು, ಕಪ್ಪು ಎಣಿಸಲು ಒಂದು ವಹಿಯಾಯಿತು, ವಹಿ ಬರೆಯಲು ಒಬ್ಬರನ್ನು ನಿಯೋಜಿಸಿದರು. ವಹಿಯಲ್ಲಿ ತಮ್ಮ ಹೆಸರಿನ ಮುಂದೆ ದಿನಕ್ಕೆ ಎಷ್ಟು ಕಪ್ಪು ಎಂದು ಬೀಳುವುದನ್ನು ಕಂಡ ಸಿಬ್ಬಂದಿ ಯಂತ್ರದ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಎಲ್ಲರೂ ಸೀಟಿನಲ್ಲೇ ಕೂತರು. ಎರಡು ವಿಭಾಗಗಳ ನಡುವೆ ಒಂದು ಟೀಯಲ್ಲಿ ಮುಗಿಯುತ್ತಿದ್ದ ಸಂದೇಹಗಳಿಗೆ ಅನಧಿಕೃತ ಟಿಪ್ಪಣಿ ಬರೆಯತೊಡಗಿದರು. ಟಿಪ್ಪಣಿಗೆ ಉತ್ತರ, ಉತ್ತರಕ್ಕೆ ಜ್ಞಾಪನ, ಜ್ಞಾಪನಕ್ಕೆ ನೆನಪೋಲೆ. ಅಧಿಕಾರಿಯ ಮೇಜಿನ ಮೇಲೆ ಕಡತಗಳ ರಾಶಿ ಬೆಳೆಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅವರೇ ಒಂದು ದಿನ ಮೂರೂವರೆಗೆ ಹೊರಬಂದು ಕಾಲು ನೋವಿನವರ ಹಾಗೆ ನಿಂತು ಗಡಿಯಾರ ನೋಡಿದರಂತೆ. ಯಂತ್ರ ಈಗಲೂ ಇದೆ. ಮೇಲುಗಡೆ ಸಮತಟ್ಟಾಗಿರುವುದರಿಂದ ಟಪ್ಪಾಲು ಇಡಲು ಅನುಕೂಲ.

ಅನುಬಂಧ: ಸಾರ್ವಜನಿಕರ ಗಮನಕ್ಕೆ

ನಿಮ್ಮ ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರು ಸೀಟಿನಲ್ಲಿಲ್ಲದಿದ್ದರೆ ಗಾಬರಿಯಾಗಬೇಡಿ. ಕನ್ನಡಕ ಮಡಚಿದ್ದರೆ ರಜೆ, ಮಡಚದಿದ್ದರೆ ಟೀ. ಬೆಂಚಿನ ಮೇಲೆ ಕೂತು ಕಾಯುವುದಕ್ಕಿಂತ ಕೆಳಗಿಳಿದು ಗಾಡಿಯ ಹತ್ತಿರ ಬನ್ನಿ. ಕೂಡಲೇ ಕಾಗದ ಹೊರತೆಗೆಯಬೇಡಿ. ಅವರ ಟೀ ದುಡ್ಡು ಕೊಡಲು ಹೋಗಬೇಡಿ, ಹಿಂದಿನ ಎಚ್ಚರಿಕೆ ಓದಿ. ನಿಮಗೊಂದು ಟೀ ಹೇಳಿ, ಪಕ್ಕದಲ್ಲಿ ನಿಂತು, ಮಳೆ ಬೆಳೆಯ ಮಾತಾಡಿ. ಯಾವ ಊರು ಅಂತ ಅವರೇ ಕೇಳುತ್ತಾರೆ. ಕುಣಿಗಲ್ ಅಂದರೆ ಅಲ್ಲಿ ಅವರ ಷಡ್ಡಕರು ಇರುತ್ತಾರೆ, ಶಿರಾ ಅಂದರೆ ಅವರ ಮೊದಲ ಪೋಸ್ಟಿಂಗು ಅಲ್ಲೇ ಆಗಿರುತ್ತದೆ. ಆಮೇಲೆ ಕಡತ ಸಂಖ್ಯೆ ಹೇಳಿ. ಬಾಯಿಪಾಠವಾಗಿರಲಿ, ಗಾಡಿಯ ಮುಂದೆ ಇ-ಆಫೀಸ್ ತೆರೆಯುವುದಿಲ್ಲ. ಏನು ಅಡ್ಡಿ, ಎಲ್ಲಿ ನಿಂತಿದೆ, ಯಾವ ಕಾಗದ ಕಡಿಮೆ ಇದೆ ಎಂಬುದನ್ನು ಕೌಂಟರಿನಲ್ಲಿ ಆರು ತಿಂಗಳಿಗೆ ಹೇಳದವರು ಇಲ್ಲಿ ಆರು ಗುಟುಕಿನಲ್ಲಿ ಹೇಳಿಬಿಡುತ್ತಾರೆ. ಊರಿಗೆ ಹೋಗುವ ನಿಮ್ಮ ಬಸ್ಸು ನಾಲ್ಕು ಗಂಟೆಗೆ ಇದ್ದರೆ ಅದನ್ನು ಗ್ಲಾಸು ಖಾಲಿಯಾಗುವ ಮೊದಲೇ ಹೇಳಿ. ಟೀ ಮುಗಿದ ಕೂಡಲೇ ನಮಗೆ ಮೀಟಿಂಗ್ ಇರುತ್ತದೆ.